ಡೈ ಹಚ್ಚಿದ ಮೇಲೆ ಮುಖ ಬಾತರೆ ಏನು ಮಾಡಬೇಕು

ಏಪ್ರಿಲ್, ಮೇ ಬಂದರೆ ಕಲಬುರಗಿ ಕಡೆ ಸಾಲು ಸಾಲು ಮದುವೆ. ಮದುವೆಗೆ ಎರಡು ದಿನ ಇದ್ದಾಗ ತಲೆಗೆ ಡೈ ಹಚ್ಚುವುದು ಹೆಂಗಸರಿಗೂ ಗಂಡಸರಿಗೂ ರೂಢಿ. ಅಕ್ಕಿಕಾಳು ಬೀಳುವ ದಿನ ಬೆಳಿಗ್ಗೆ ಎದ್ದರೆ ಕಣ್ಣೇ ತೆರೆಯುತ್ತಿಲ್ಲ. ರೆಪ್ಪೆ ಬಾತಿದೆ, ಕಿವಿ ಕೆಂಪಾಗಿದೆ, ಕುತ್ತಿಗೆಯ ಹಿಂದೆ ತಡೆಯಲಾರದ ತುರಿಕೆ. ಮನೆಯವರು ಹಿಂದಿನ ರಾತ್ರಿಯ ಊಟವನ್ನು ನೆನೆಯುತ್ತಾರೆ. ಬದನೆಕಾಯಿ ನಂಜಾಯಿತು ಅನ್ನುತ್ತಾರೆ, ಏನೋ ಹುಳ ಕಡಿದಿದೆ ಅನ್ನುತ್ತಾರೆ. ಎರಡು ದಿನದ ಹಿಂದೆ ಹಚ್ಚಿದ ಡೈ ಯಾರಿಗೂ ನೆನಪಾಗುವುದಿಲ್ಲ.

ಡೈ ಅಲರ್ಜಿ ಹೀಗೇ ತಡವಾಗಿ ಬರುತ್ತದೆ. ಸಾಮಾನ್ಯವಾಗಿ 24ರಿಂದ 72 ಗಂಟೆ ಬಿಟ್ಟು. ಅದಕ್ಕೇ ಜನರಿಗೆ ಕಾರಣ ಹೊಳೆಯುವುದಿಲ್ಲ. ವಾಸಿಯಾದ ಮೇಲೆ ಮುಂದಿನ ಹಬ್ಬಕ್ಕೆ ಅದನ್ನೇ ಮತ್ತೆ ಹಚ್ಚುತ್ತಾರೆ, ಎರಡನೇ ಸಲ ಇನ್ನೂ ಜೋರಾಗಿ ಆಗುತ್ತದೆ. ಹಾಗಾಗಿ ಮುಖ ಬಾತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಕಳೆದ ಮೂರ್ನಾಲ್ಕು ದಿನದಲ್ಲಿ ತಲೆಗೆ, ಮೀಸೆಗೆ, ಗಡ್ಡಕ್ಕೆ, ಕೈಗೆ ಏನಾದರೂ ಬಣ್ಣ ಹಚ್ಚಿದ್ದೆವಾ?

ಮೊದಲು ಅಪಾಯದ ಗುರುತು ನೋಡಿ

ಉಳಿದದ್ದನ್ನು ಓದುವ ಮುಂಚೆ ಇದೊಂದನ್ನು ನೋಡಿಬಿಡಿ. ಉಸಿರಾಡಲು ಕಷ್ಟ, ಎದೆಯಲ್ಲಿ ಗೊರ ಗೊರ ಸದ್ದು, ನಾಲಿಗೆ ಅಥವಾ ಗಂಟಲು ಬಾತದ್ದು, ಮಾತು ಗೊಗ್ಗರಾದದ್ದು, ಮೈತುಂಬ ದದ್ದು ಎದ್ದು ತಲೆ ಸುತ್ತಿ ಬೀಳುವಂತಾದದ್ದು. ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಸಮಯವಿಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ತಲೆ ಸುತ್ತುತ್ತಿದ್ದರೆ ಮಲಗಿಸಿ ಕಾಲು ಸ್ವಲ್ಪ ಎತ್ತಿಡಿ. ಉಸಿರು ಕಟ್ಟುತ್ತಿದ್ದರೆ ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಿರಿ. ಡೈನಿಂದ ಹೀಗಾಗುವುದು ಅಪರೂಪ. ಆದರೆ ಆದಾಗ ನಿಮಿಷಗಳ ಲೆಕ್ಕ.

ಅಷ್ಟು ತುರ್ತಲ್ಲದಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕಾದವರೂ ಇದ್ದಾರೆ. ಕಣ್ಣು ಪೂರ್ತಿ ಮುಚ್ಚುವಷ್ಟು ಬಾತವರು, ದೃಷ್ಟಿ ಮಂಜಾದವರು, ಗುಳ್ಳೆ ಒಡೆದು ನೀರು ಸೋರುತ್ತಿರುವವರು, ಕೀವು ಅಥವಾ ಜ್ವರ ಬಂದವರು, ಬಸುರಿಯರು, ಮಕ್ಕಳು.

ಉರಿಯೋ, ಅಲರ್ಜಿಯೋ?

ಎರಡೂ ಬೇರೆ. ಮುಂದೆ ಡೈ ಹಚ್ಚಬಹುದೋ ಬೇಡವೋ ಅನ್ನುವುದು ಇದರ ಮೇಲೇ ನಿಂತಿದೆ.

ಹಚ್ಚಿದ ಹತ್ತು ಹದಿನೈದು ನಿಮಿಷದಲ್ಲೇ ಚುರು ಚುರು ಅಂದು, ಡೈ ತಾಗಿದ ಜಾಗದಲ್ಲಷ್ಟೇ ಕೆಂಪಾಗಿ, ತೊಳೆದ ಮೇಲೆ ಒಂದೆರಡು ದಿನದಲ್ಲಿ ತಣ್ಣಗಾದರೆ ಅದು ಬಹುತೇಕ ಉರಿ. ಡೈನಲ್ಲಿರುವ ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್ ಚರ್ಮವನ್ನು ಸುಡುವುದರಿಂದ ಬರುವಂಥದ್ದು. ತಲೆ ಕೆರೆದು ಗಾಯ ಮಾಡಿಕೊಂಡವರಿಗೆ, ಹೊಟ್ಟು ಜಾಸ್ತಿ ಇರುವವರಿಗೆ, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟವರಿಗೆ ಇದು ಬೇಗ ಆಗುತ್ತದೆ.

ಅಲರ್ಜಿ ಹಾಗಲ್ಲ. ಇಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಡೈನ ಒಂದು ವಸ್ತುವನ್ನು ಶತ್ರು ಎಂದು ಗುರುತು ಹಿಡಿದಿರುತ್ತದೆ. ಹೆಚ್ಚಿನ ಸಲ ಆ ವಸ್ತು ಪ್ಯಾರಾ ಫಿನೈಲಿನ್‌ಡೈಅಮೀನ್. ಡಾಕ್ಟರುಗಳು ಇದನ್ನು ಚಿಕ್ಕದಾಗಿ ಪಿಪಿಡಿ ಅನ್ನುತ್ತಾರೆ. ಕಪ್ಪು, ಗಾಢ ಕಂದು ಬಣ್ಣ ಗಟ್ಟಿಯಾಗಿ ನಿಲ್ಲುವುದು ಬಹುಮಟ್ಟಿಗೆ ಇದರಿಂದಲೇ. ಅಲರ್ಜಿ ತಲೆಯ ಚರ್ಮಕ್ಕಿಂತ ರೆಪ್ಪೆ, ಕಿವಿ, ಹಣೆಯ ಅಂಚು, ಕುತ್ತಿಗೆಯಲ್ಲಿ ಜಾಸ್ತಿ ಕಾಣುತ್ತದೆ. ಅಲ್ಲಿನ ಚರ್ಮ ತೆಳುವಾದ್ದರಿಂದ. ತಲೆಯಲ್ಲಿ ಏನೂ ಇಲ್ಲ, ಕಣ್ಣು ಮಾತ್ರ ಬಾತಿದೆ, ಇದು ಡೈನಿಂದ ಇರಲಾರದು ಎಂದು ಬಹಳ ಮಂದಿ ಮೋಸಹೋಗುವುದು ಇಲ್ಲೇ. ಮೀಸೆಗೆ ಹಚ್ಚಿದವರಿಗೆ ತುಟಿ ಬಾಯುತ್ತದೆ.

"ಹತ್ತು ವರ್ಷ ಆತು ಹಚ್ಚಾಕತ್ತು, ಒಂದಿನಾನೂ ಏನೂ ಆಗಿಲ್ರಿ" ಎಂಬ ಮಾತನ್ನು ದಯವಿಟ್ಟು ಧೈರ್ಯಕ್ಕೆ ಇಟ್ಟುಕೊಳ್ಳಬೇಡಿ. ಅಲರ್ಜಿ ಹುಟ್ಟುವುದೇ ಹಚ್ಚುತ್ತಾ ಹಚ್ಚುತ್ತಾ. ಹತ್ತು ವರ್ಷ ಸುಮ್ಮನಿದ್ದ ಮೈ ಹನ್ನೊಂದನೇ ವರ್ಷ ತಿರುಗಿಬೀಳಬಹುದು. ಒಮ್ಮೆ ಹುಟ್ಟಿದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಹೋಗುವುದಿಲ್ಲ.

ಮೊದಲ ಕೆಲಸ: ತೊಳೆಯುವುದು

ಡೈ ತಲೆಯಲ್ಲಿರುವಾಗಲೇ ಉರಿ ಶುರುವಾದರೆ "ಇನ್ನು ಹತ್ತು ನಿಮಿಷ, ಬಣ್ಣ ಹಿಡಿಯಲಿ" ಎಂದು ಕೂರಬೇಡಿ. ತಕ್ಷಣ ತೊಳೆಯಿರಿ. ಎರಡು ದಿನ ಬಿಟ್ಟು ಬಾವು ಬಂದಿದ್ದರೂ ಒಂದು ಸಲ ಚೆನ್ನಾಗಿ ತೊಳೆಯಿರಿ. ಕೂದಲಲ್ಲಿ ಉಳಿದ ಕಚ್ಚಾ ಡೈ ಇನ್ನೂ ಚರ್ಮಕ್ಕೆ ಇಳಿಯುತ್ತಿರಬಹುದು.

ನೀರಿನ ವಿಷಯದಲ್ಲಿ ನಮ್ಮ ಊರುಗಳಿಗೆ ಒಂದು ಎಚ್ಚರಿಕೆ ಬೇಕು. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಆ ನೀರು ಬೇಡ. ಬಿಸಿನೀರು ಬಾವು, ತುರಿಕೆ ಎರಡನ್ನೂ ಹೆಚ್ಚಿಸುತ್ತದೆ. ಬಕೆಟ್ಟಿನಲ್ಲಿ ಹಿಡಿದು ನೆರಳಲ್ಲಿ ಆರಿಸಿದ ನೀರು ತೆಗೆದುಕೊಳ್ಳಿ.

ತಲೆಯನ್ನು ಹಿಂದಕ್ಕೆ ಬಾಗಿಸಿ, ನೀರು ಕಣ್ಣಿಗೆ ಇಳಿಯದ ಹಾಗೆ ಬೇರೆಯವರ ಕೈಯಲ್ಲಿ ಹಾಕಿಸಿಕೊಳ್ಳಿ. ಹಾಕುವವರು ಕೈಗವಸು ತೊಡಲಿ. ಮಕ್ಕಳಿಗೆ ಬಳಸುವಂಥ ಮೃದು ಶಾಂಪೂ ಸಾಕು. ಎರಡು ಸಲ ತೊಳೆದು, ನೀರು ತಿಳಿಯಾಗಿ ಬರುವ ತನಕ ಹಾಕಿ. ಉಗುರಿನಿಂದ ಉಜ್ಜಬೇಡಿ. ಸೀಗೇಕಾಯಿ, ಬಟ್ಟೆ ಸೋಪು ಈ ಹೊತ್ತಿಗೆ ಬೇಡವೇ ಬೇಡ. ಡೈ ಕಣ್ಣಿಗೆ ಹೋಗಿದ್ದರೆ ರೆಪ್ಪೆ ಬಿಡಿಸಿ ಹಿಡಿದು 15ರಿಂದ 20 ನಿಮಿಷ ಶುದ್ಧ ನೀರು ಸುರಿಯುತ್ತಲೇ ಇರಿ. ಆಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಉರಿ ಕಡಿಮೆಯಾದರೂ ತೋರಿಸಿ.

ಡೈ ತಾಗಿದ ಟವೆಲ್, ದಿಂಬಿನ ಕವರ್, ಬಾಚಣಿಗೆ ಎಲ್ಲವನ್ನೂ ತೊಳೆಯಿರಿ. ಪ್ಯಾಕೆಟ್ ಮಾತ್ರ ಎಸೆಯಬೇಡಿ. ಡಾಕ್ಟರಿಗೆ ಅದು ಬೇಕು.

ತಲೆ ಬೋಳಿಸಬೇಕಾ ಎಂದು ಬಹಳ ಜನ ಕೇಳುತ್ತಾರೆ. ಸಾಮಾನ್ಯವಾಗಿ ಬೇಕಾಗುವುದಿಲ್ಲ. ಪೂರ್ತಿ ಬಣ್ಣವಾಗಿ ಕೂದಲಲ್ಲಿ ಕೂತ ಡೈ ಅಷ್ಟು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಉಳಿದ ಕಚ್ಚಾ ಭಾಗ, ಅದು ತೊಳೆದರೆ ಹೋಗುತ್ತದೆ. ಬಾತ ಚರ್ಮದ ಮೇಲೆ ಕತ್ತಿ ಆಡಿಸಿದರೆ ಗಾಯವಾಗಿ ಸೋಂಕು ಹತ್ತೀತು.

ಮುಂದಿನ ಎರಡು ಮೂರು ದಿನ

ಈಗ ತಂಪು ಬೇಕು. ಹರವಿಯ ನೀರು ಇದಕ್ಕೆ ಬಹಳ ಒಳ್ಳೆಯದು. ಒಗೆದ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಬಾತ ಜಾಗಕ್ಕೆ 10ರಿಂದ 15 ನಿಮಿಷ ಇಡಿ. ದಿನಕ್ಕೆ ನಾಲ್ಕೈದು ಸಲ ಮಾಡಿ. ನೀರು ಸೋರುವ ಗುಳ್ಳೆಗಳಿಗೂ ಇದು ಆಗುತ್ತದೆ. ಐಸ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿಡಿ, ಬರಿ ಐಸ್ ಚರ್ಮಕ್ಕೆ ತಾಗಬಾರದು. ರಾತ್ರಿ ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದರೆ ಬೆಳಿಗ್ಗೆ ರೆಪ್ಪೆಯ ಬಾವು ಕಡಿಮೆ ಇರುತ್ತದೆ.

ಬಿಸಿಲಿಗೆ ಹೋಗಬೇಡಿ. ಹೋಗಲೇಬೇಕಾದರೆ ಛತ್ರಿ ಹಿಡಿಯಿರಿ, ಸೆರಗು ಅಥವಾ ತೆಳು ಹತ್ತಿ ಟವೆಲ್ ಸಡಿಲವಾಗಿ ಹಾಕಿಕೊಳ್ಳಿ. ಬೈಕ್ ಓಡಿಸುವವರು ಹೆಲ್ಮೆಟ್ ಒಳಗೆ ಒಗೆದ ಬಟ್ಟೆ ಕಟ್ಟಿಕೊಳ್ಳಿ, ದಿನವೂ ಬದಲಿಸಿ. ಬೆವರು ಕೂತಷ್ಟೂ ತುರಿಕೆ ಹೆಚ್ಚು.

ತುರಿಕೆಗೆ ಸೆಟ್ರಿಜಿನ್ ಗುಳಿಗೆ ಸ್ವಲ್ಪ ನೆರವಾಗುತ್ತದೆ, ರಾತ್ರಿ ನಿದ್ದೆಗೂ ಅನುಕೂಲ. ಆದರೆ ಅದು ಮಂಪರು ತರಿಸುತ್ತದೆ, ನುಂಗಿ ಗಾಡಿ ಓಡಿಸಬೇಡಿ. ಕಿಡ್ನಿ ತೊಂದರೆ ಇರುವವರು, ಬಸುರಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಈ ಗುಳಿಗೆಯಿಂದ ಅಲರ್ಜಿಯೇ ಇಳಿದುಬಿಡುತ್ತದೆ ಎಂದು ಕಾಯುತ್ತಾ ಕೂರಬೇಡಿ. ಇಂಥ ಚರ್ಮದ ಅಲರ್ಜಿಗೆ ನಿಜವಾಗಿ ಕೆಲಸ ಮಾಡುವುದು ಸ್ಟೀರಾಯ್ಡ್. ಅದನ್ನು ಅಳೆದು ಕೊಡಬೇಕಾದವರು ಡಾಕ್ಟರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೆಡಿಕಲ್ ಅಂಗಡಿಗೆ ಹೋಗಿ "ತುರಿಕೀಗೆ ಒಂದು ಟ್ಯೂಬ್ ಕೊಡ್ರಿ" ಅಂದರೆ ಕೈಗೆ ಬರುವುದು ಹೆಚ್ಚಾಗಿ ಒಂದು ಜೋರು ಸ್ಟೀರಾಯ್ಡ್, ಒಂದು ಹುಳಕಡ್ಡಿ ಔಷಧಿ, ಒಂದು ಆಂಟಿಬಯೋಟಿಕ್ ಎಲ್ಲ ಬೆರೆಸಿದ ಮುಲಾಮು. ಎರಡು ದಿನದಲ್ಲಿ ಕೆಂಪು ಹೋಗಿ ಮುಖ ಬೆಳ್ಳಗಾದಂತೆ ಕಾಣುತ್ತದೆ, ಜನ ಖುಷಿಯಾಗಿ ತಿಂಗಳುಗಟ್ಟಲೆ ಹಚ್ಚುತ್ತಾರೆ. ಆಮೇಲೆ ಚರ್ಮ ಕಾಗದದಷ್ಟು ತೆಳುವಾಗಿ, ನರ ಕಾಣಿಸಿ, ಮೊಡವೆ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾಳು ಅನ್ನುವ ಸ್ಥಿತಿಗೆ ಬರುತ್ತಾರೆ. ರೆಪ್ಪೆಯ ಮೇಲೆ ಹೆಚ್ಚು ದಿನ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲದ ಪಟ್ಟಿಗೆ ಸೇರಿಸಿದೆ. ಚೀಟಿ ಕೇಳದೆ ಕೊಟ್ಟರೂ ನೀವು ಬೇಡ ಅನ್ನಿ.

ಡಾಕ್ಟರು ಸ್ಟೀರಾಯ್ಡ್ ಗುಳಿಗೆ ಬರೆದರೆ ಹೇಳಿದಷ್ಟು ದಿನ ಪೂರ್ತಿ ನುಂಗಿ. ಮೂರನೇ ದಿನ ಬಾವು ಇಳಿಯಿತೆಂದು ಬಿಟ್ಟರೆ ಮತ್ತೆ ಬಾಯುವುದುಂಟು. ಸಕ್ಕರೆ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಬೇಕು. ಈ ಗುಳಿಗೆ ಸಕ್ಕರೆ ಏರಿಸುತ್ತದೆ. ಬಿಪಿ, ಹೊಟ್ಟೆಹುಣ್ಣು ಇದ್ದರೂ ಹೇಳಿ.

ಅರಿಶಿನ, ನಿಂಬೆರಸ, ಬೆಳ್ಳುಳ್ಳಿ, ಬೇವಿನ ರಸ ಯಾವುದೂ ಈಗ ಬೇಡ. ಅವು ಸೊಪ್ಪು, ಬೇರು ಆದಮಾತ್ರಕ್ಕೆ ಒಡೆದ ಚರ್ಮಕ್ಕೆ ತಂಪಲ್ಲ. ನಿಂಬೆಯಂತೂ ಸುಡುತ್ತದೆ. ಎಲ್ಲ ಒಣಗಿ ಸಿಪ್ಪೆ ಏಳುವ ಹೊತ್ತಿಗೆ ವಾಸನೆ ಇಲ್ಲದ ವ್ಯಾಸಲೀನ್ ಅಥವಾ ಶುದ್ಧ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬಹುದು. ಇನ್ನು ಬದನೆಕಾಯಿ, ಮೊಸರು, ಶೇಂಗಾ ಬಿಡಿಸಿ ಪಥ್ಯ ಮಾಡಿಸುವುದರಿಂದ ಈ ಬಾವು ಇಳಿಯುವುದಿಲ್ಲ. ಇದು ಹೊಟ್ಟೆಯಿಂದ ಬಂದದ್ದಲ್ಲ. ರೊಟ್ಟಿ, ಪಲ್ಯ, ಬೇಳೆ, ನಿಮ್ಮ ಎಂದಿನ ಊಟವನ್ನೇ ಮಾಡಿ.

ಡಾಕ್ಟರ ಹತ್ತಿರ ಹೋಗುವಾಗ

ಚರ್ಮದ ಡಾಕ್ಟರೇ ಸರಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಅಲ್ಲಿ ಹೊರರೋಗಿ ಚೀಟಿ ಮಾಡಿಸಿ ಚರ್ಮರೋಗ ವಿಭಾಗ ಕೇಳಿ. ಡೈ ಪ್ಯಾಕೆಟ್ ಜೊತೆಗೆ ಇರಲಿ, ಇಲ್ಲವಾದರೆ ಅದರ ಎರಡೂ ಬದಿಯ ಫೋಟೋ ಇರಲಿ. ಬಾವು ಜೋರಾಗಿದ್ದ ದಿನದ ನಿಮ್ಮ ಮುಖದ ಫೋಟೋ ಕೂಡ ತೆಗೆದಿಡಿ, ನೀವು ಹೋಗುವ ಹೊತ್ತಿಗೆ ಅದು ಇಳಿದಿರಬಹುದು. ಯಾವತ್ತು ಹಚ್ಚಿದಿರಿ, ಯಾವತ್ತು ಶುರುವಾಯಿತು, ಹಿಂದೆ ಯಾವಾಗಲಾದರೂ ಕರಿ ಮೆಹಂದಿಯಿಂದ ಕೈ ಉರಿದಿತ್ತಾ, ಇಷ್ಟು ಹೇಳಿ.

ಯಾವುದರಿಂದ ಅಲರ್ಜಿ ಎಂದು ಖಚಿತವಾಗಿ ತಿಳಿಯಲು ಪ್ಯಾಚ್ ಟೆಸ್ಟ್ ಇದೆ. ಇದರಲ್ಲಿ ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ. ಬೆನ್ನಿಗೆ ಸಣ್ಣ ಸಣ್ಣ ಅಂಟುಪಟ್ಟಿಗಳಲ್ಲಿ ಬೇರೆ ಬೇರೆ ವಸ್ತು ಹಾಕಿ ಅಂಟಿಸುತ್ತಾರೆ. ಪಿಪಿಡಿಯನ್ನು 1% ಪ್ರಮಾಣದಲ್ಲಿ ವ್ಯಾಸಲೀನಿನಂಥದ್ದರಲ್ಲಿ ಬೆರೆಸಿರುತ್ತಾರೆ. 48 ಗಂಟೆ ಬೆನ್ನು ತೋಯಿಸುವಂತಿಲ್ಲ, ಬೆವರುವ ಕೆಲಸ ಮಾಡುವಂತಿಲ್ಲ. ಪಟ್ಟಿ ಬಿಚ್ಚಿದ ದಿನ ಒಮ್ಮೆ, ಮತ್ತೆ ಸುಮಾರು ನಾಲ್ಕನೇ ದಿನ ಇನ್ನೊಮ್ಮೆ ನೋಡುತ್ತಾರೆ. ಅಲರ್ಜಿ ಜೋರಿರುವಾಗ, ಸ್ಟೀರಾಯ್ಡ್ ಗುಳಿಗೆ ನಡೆಯುತ್ತಿರುವಾಗ ಇದನ್ನು ಮಾಡುವುದಿಲ್ಲ. ನಮ್ಮ ಬಿಸಿಲಿಗೆ ಎರಡು ದಿನ ಬೆನ್ನು ಒಣಗಿಸಿಟ್ಟುಕೊಳ್ಳುವುದು ಕಷ್ಟ, ಹಾಗಾಗಿ ಚಳಿಗಾಲದಲ್ಲಿ ಮಾಡಿಸುವುದು ಸುಲಭ. ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ.

ವಾಸಿಯಾದ ಮೇಲೆ ಮಾಡುವ ತಪ್ಪು

ಕಂಪನಿ ಬದಲಿಸುವುದು. ಕಟಿಂಗ್ ಅಂಗಡಿಯಲ್ಲಿ "ಕಾಕಾ, ಅದು ಬ್ಯಾಡ ಬಿಡ್ರಿ, ಇದು ಚಲೋ ಕಂಪನಿದು, ಏನೂ ಆಗಂಗಿಲ್ಲ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಹೆಸರು ಬೇರೆ, ಡಬ್ಬಿ ಬೇರೆ, ಬೆಲೆ ಬೇರೆ. ಒಳಗಿನ ಪಿಪಿಡಿ ಅದೇ. ದುಬಾರಿ ಡೈನಲ್ಲೂ ಅದು ಇರುತ್ತದೆ. "ಅಮೋನಿಯಾ ಇಲ್ಲ" ಎಂದು ಬರೆದಿದ್ದರೆ ಅಮೋನಿಯಾ ಇಲ್ಲ ಅಷ್ಟೇ, ಪಿಪಿಡಿ ಇಲ್ಲ ಎಂದಲ್ಲ. "ಹರ್ಬಲ್" ಎಂದರೂ ಅಷ್ಟೇ. ನೆಲ್ಲಿಕಾಯಿ, ಭೃಂಗರಾಜದ ಚಿತ್ರ ಮುಂದೆ ಇರುತ್ತದೆ, ಪಿಪಿಡಿ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಆ ಸಣ್ಣ ಅಕ್ಷರ ಓದುವುದನ್ನು ಕಲಿಯಲೇಬೇಕು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, ಅಥವಾ ಮನೆಯಲ್ಲಿ ಓದುವ ಮಕ್ಕಳಿಗೆ ಕೊಡಿ. ಹುಡುಕಬೇಕಾದದ್ದು ಪಿ-ಫಿನೈಲಿನ್‌ಡೈಅಮೀನ್, ಅಥವಾ ಅದರ ಬಣ್ಣದ ಸಂಖ್ಯೆ 76060. ಅದರ ಬಂಧು ಟಾಲ್ವೀನ್-2,5-ಡೈಅಮೀನ್ ಇದ್ದರೂ ಬೇಡ, ಪಿಪಿಡಿ ಆಗದ ಅನೇಕರಿಗೆ ಅದೂ ಆಗುವುದಿಲ್ಲ. ಹೆಸರಿನ ಕೊನೆಗೆ ಅಮೈನೋಫಿನಾಲ್ ಇರುವವನ್ನೂ ಬಿಡಿ. ಏನು ಹಾಕಿದ್ದಾರೆ ಎಂದೇ ಬರೆಯದ ಪುಡಿಯನ್ನು ಮುಟ್ಟಬೇಡಿ.

ಕಟಿಂಗ್ ಅಂಗಡಿಯಲ್ಲಿ ಇನ್ನೊಂದು ತೊಂದರೆ ಇದೆ. ಅಲರ್ಜಿ ಇರುವವರಿಗೆ ಹಿಂದಿನವರಿಗೆ ಬಳಸಿದ ಬಟ್ಟಲು, ಬ್ರಷ್, ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಉಳಿದ ಡೈ ಕೂಡ ಸಾಕಾಗಬಹುದು. ಸುಮ್ನೆ ಸಂಕೋಚ ಬೇಡ, ಮೊದಲೇ ಹೇಳಿ, ನಿಮ್ಮದೇ ಟವೆಲ್ ಒಯ್ಯಿರಿ.

ಕರಿ ಮೆಹಂದಿ

ಕಾಲಿ ಮೆಹಂದಿ ಎಂದು ಪುಡಿ ಪ್ಯಾಕೆಟ್ ಸಿಗುತ್ತದೆ. ಮೆಹಂದಿ ಎಂಬ ಹೆಸರು ಕೇಳಿಯೇ ಜನ ಇದು ಎಲೆಯ ಪುಡಿ ಎಂದುಕೊಳ್ಳುತ್ತಾರೆ. ನಿಜವಾದ ಮೆಹಂದಿ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ. ಅದರ ಬಣ್ಣ ಕಿತ್ತಳೆ, ಕೆಂಪು, ಕೆಂಗಂದು. ಅದಕ್ಕೆ ಗಂಟೆಗಳೂ ಬೇಕು. ಹತ್ತು ಇಪ್ಪತ್ತು ನಿಮಿಷದಲ್ಲಿ ಕರ್ರಗಾಗುವ ಪುಡಿಯಲ್ಲಿ ಕಪ್ಪು ಮಾಡುತ್ತಿರುವುದು ಎಲೆಯಲ್ಲ, ಹೆಚ್ಚಾಗಿ ಪಿಪಿಡಿ.

ಜಾತ್ರೆ, ಉರುಸು, ಮದುವೆ ಮನೆಗಳಲ್ಲಿ ಮಕ್ಕಳ ಕೈಗೆ ಹಾಕುವ ಕರಿ ಕೋನ್ ಬಗ್ಗೆ ನನಗೆ ಇನ್ನೂ ಹೆಚ್ಚು ಚಿಂತೆ. ಯುರೋಪಿನ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಡೈನಲ್ಲಿ ಪಿಪಿಡಿ 2% ದಾಟುವಂತಿಲ್ಲ, ಚರ್ಮದ ಮೇಲೆ ಬಿಡಿಸುವ ಬಣ್ಣದಲ್ಲಿ ಇರಲೇಬಾರದು. ಬಿಡಿಯಾಗಿ ಕಲಸಿದ ಕರಿ ಕೋನಿನಲ್ಲಿ ಎಷ್ಟಿದೆ ಎಂದು ಅಳೆದವರು ಯಾರು? ಎಂಟು ವರ್ಷದ ಹುಡುಗಿಗೆ ಅವತ್ತು ಬರೀ ನಾಲ್ಕು ಗುಳ್ಳೆ ಏಳಬಹುದು. ಮೈ ಅದನ್ನು ಮರೆಯುವುದಿಲ್ಲ. ಮೂವತ್ತು ವರ್ಷ ಬಿಟ್ಟು ಮೊದಲ ಸಲ ಡೈ ಹಚ್ಚಿದಾಗ ಮುಖವೇ ಬಾಯಬಹುದು. ಮಕ್ಕಳಿಗೆ ಕೆಂಪು ಮೆಹಂದಿ ಸಾಕು. ಹಸುಗೂಸುಗಳಿಗೆ ಅದೂ ಬೇಡ, ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳಲ್ಲಿ ಮೆಹಂದಿಯಿಂದ ರಕ್ತಕಣ ಒಡೆಯುವುದುಂಟು.

ಬಿಳಿ ಕೂದಲಿಗೆ ಮತ್ತೇನು ದಾರಿ ಅಂದರೆ, ಶುದ್ಧ ಮೆಹಂದಿ ಎಲೆಯ ಪುಡಿ, ಅದರ ಮೇಲೆ ನೀಲಿ ಗಿಡದ ಎಲೆಯ ಪುಡಿ. ಮೊದಲು ಮೆಹಂದಿ ಎರಡು ಮೂರು ಗಂಟೆ, ತೊಳೆದ ಮೇಲೆ ನೀಲಿ ಒಂದೆರಡು ಗಂಟೆ. ಬಣ್ಣ ಗಾಢ ಕಂದಿನಿಂದ ಕಪ್ಪಿನವರೆಗೆ ಬರುತ್ತದೆ, ಒಂದೆರಡು ದಿನದಲ್ಲಿ ಇನ್ನಷ್ಟು ಏರುತ್ತದೆ. ಅರ್ಧ ದಿನದ ಕೆಲಸ, ನಿಜ. ಪ್ಯಾಕೆಟ್ ಮೇಲೆ ಆ ಒಂದು ಎಲೆಯ ಹೆಸರು ಬಿಟ್ಟು ಬೇರೇನೂ ಇರಬಾರದು. ಇದನ್ನೂ ಮೊದಲು ಕಿವಿ ಹಿಂದೆ ಪರೀಕ್ಷಿಸಿ. ಕೂದಲನ್ನು ಬೆಳ್ಳಗೇ ಬಿಡುವುದೂ ಒಂದು ದಾರಿ. ಮದುವೆ ಮನೆಯಲ್ಲಿ ಬಾತ ಮುಖಕ್ಕಿಂತ ಬಿಳಿ ತಲೆ ಎಷ್ಟೋ ಚೆಂದ.

ಇನ್ನೂ ಏನೂ ಆಗದವರಿಗೆ

ನಮ್ಮ ದೇಶದ ಕಾನೂನಿನ ಪ್ರಕಾರ ಡೈ ಪ್ಯಾಕೆಟ್ ಮೇಲೆ ಎಚ್ಚರಿಕೆ ಬರೆಯಲೇಬೇಕು. ಇದರಿಂದ ಕೆಲವರಿಗೆ ಚರ್ಮದ ತೊಂದರೆ ಆಗಬಹುದು, ಮೊದಲು ಪರೀಕ್ಷಿಸಿ, ಹುಬ್ಬಿಗೆ ಮತ್ತು ರೆಪ್ಪೆಯ ಕೂದಲಿಗೆ ಹಚ್ಚಬೇಡಿ, ಕುರುಡಾಗಬಹುದು ಎಂದು. ಹುಬ್ಬಿನ ಒಂದೆರಡು ಬಿಳಿ ಕೂದಲಿಗೆ ಉಳಿದ ಡೈ ಸವರುವವರು ಇದನ್ನು ದಯವಿಟ್ಟು ಓದಿ.

ಪರೀಕ್ಷೆ ಹೀಗೆ. ಹಚ್ಚುವ ದಿನಕ್ಕೆ ಎರಡು ದಿನ ಮುಂಚೆ, ಪ್ಯಾಕೆಟ್ಟಿನಲ್ಲಿ ಹೇಳಿದಂತೆ ಸ್ವಲ್ಪವೇ ಕಲಸಿ, ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಯಲ್ಲಿ ಸಣ್ಣ ಬೊಟ್ಟಿನಷ್ಟು ಹಚ್ಚಿ ಒಣಗಲು ಬಿಡಿ. ಎಷ್ಟು ಹೊತ್ತಿಗೆ ತೊಳೆಯಬೇಕೆಂದು ಪ್ಯಾಕೆಟ್ ಹೇಳುತ್ತದೋ ಹಾಗೇ ಮಾಡಿ. ಪ್ಯಾಕೆಟ್ 24 ಗಂಟೆ ಎಂದರೂ ನೀವು 48 ಗಂಟೆ ಕಾಯಿರಿ. ತುರಿಕೆ, ಕೆಂಪು, ಗುಳ್ಳೆ ಏನಾದರೂ ಬಂದರೆ ಆ ಡೈ ಬೇಡ. ಏನೂ ಬರದಿದ್ದರೂ ಪೂರ್ತಿ ಗ್ಯಾರಂಟಿ ಇಲ್ಲ, ಅಪಾಯ ಕಡಿಮೆಯಾಗುತ್ತದೆ ಅಷ್ಟೇ. ಪ್ರತಿ ಸಲವೂ ಮಾಡಬೇಕು. ಆಗಲೇ ಅಲರ್ಜಿ ಆದವರು ಮನೆಯಲ್ಲಿ ಈ ಪರೀಕ್ಷೆ ಮಾಡಿಕೊಳ್ಳಲೇಬಾರದು.

ಹಣೆಯ ಅಂಚಿಗೆ, ಕಿವಿಗೆ ವ್ಯಾಸಲೀನ್ ಸವರುವುದರಿಂದ ಉರಿ ಕಡಿಮೆಯಾಗುತ್ತದೆ, ಅಲರ್ಜಿ ತಪ್ಪುವುದಿಲ್ಲ. ಉಳಿದ ಡೈಯನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಇದು ಹೊಟ್ಟೆಗೆ ಹೋದರೆ ಗಂಟಲು ಬಾತು ಉಸಿರು ನಿಲ್ಲಬಹುದು, ಕಿಡ್ನಿ ಕೆಡಬಹುದು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸುತ್ತಾ ಕೂರದೆ, ಅವರು ಚೆನ್ನಾಗಿ ಕಂಡರೂ, ಪ್ಯಾಕೆಟ್ ಸಮೇತ ದೊಡ್ಡ ಆಸ್ಪತ್ರೆಗೆ ಓಡಿ.

ಕೊನೆಗೆ ಉಳಿಯುವ ಕಲೆಗಳ ಮಾತು. ಬಾವು ಇಳಿದ ಮೇಲೆ ಹಣೆ, ಕುತ್ತಿಗೆ ಕಪ್ಪಾಗಿ ತಿಂಗಳುಗಟ್ಟಲೆ ನಿಲ್ಲಬಹುದು. ಬಿಸಿಲಿಗೆ ಮರೆಯಾಗಿದ್ದರೆ ನಿಧಾನಕ್ಕೆ ತಿಳಿಯಾಗುತ್ತದೆ. ಎರಡು ಮೂರು ತಿಂಗಳು ಕೂದಲು ಉದುರಬಹುದು, ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಡೈ ತಾಗುವ ಜಾಗದಲ್ಲಿ ಬಿಳಿ ಮಚ್ಚೆ ಕಂಡರೆ ಮಾತ್ರ ತಡಮಾಡಬೇಡಿ, ಡೈ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಪಿಪಿಡಿ ಆಗದ ಕೆಲವರಿಗೆ ಬೆಂಜೋಕೇನ್ ಎಂಬ ಮರಗಟ್ಟಿಸುವ ಔಷಧಿ, ಕೆಲವು ಸಲ್ಫಾ ಔಷಧಿ, ಗಾಢ ಬಣ್ಣದ ಸಿಂಥೆಟಿಕ್ ಬಟ್ಟೆ, ಕರಿ ರಬ್ಬರ್ ಕೂಡ ಆಗುವುದಿಲ್ಲ. ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋದರೂ, ಆಪರೇಷನ್ನಿಗೆ ಹೋದರೂ "ನನಗೆ ಪಿಪಿಡಿ ಅಲರ್ಜಿ ಇದೆ" ಎಂದು ಹೇಳಿ. ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಬರೆದಿಡಿಸಿ.